ಗರಗಸ ಕಚ್ಚಿಕೊಂಡ ಕಿಟಕಿ: ಲಡ್ಡಾದ ಚೌಕಟ್ಟಿನ ಒಂದು ದುರಸ್ತಿ

ಮನೆ ಇರುವುದು ಶರಾವತಿ ಹಿನ್ನೀರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಊರಿನ ಹೆಸರು, ಮನೆಯವರ ಹೆಸರು ಇಲ್ಲಿ ಬೇಡ. ಆ ಭಾಗದಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ನೀರು ನಿಲ್ಲುವ ಮೊದಲು ಮುಳುಗಡೆಯ ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿದರು. ಬಾಗಿಲು, ಕಿಟಕಿ, ಕಂಬ, ತೊಲೆ ಅಂತ ಹೊರಲು ಆದಷ್ಟನ್ನು ಹೊತ್ತು ತಂದು ಹೊಸ ಜಾಗದಲ್ಲಿ ಮತ್ತೆ ನಿಲ್ಲಿಸಿದರು. ನಾನು ಹೇಳಹೊರಟ ಕಿಟಕಿಯೂ ಹಾಗೆ ಬಂದದ್ದು. ಹೊನ್ನೆ ಮರದ್ದು. ಅಗಲ 3 ಅಡಿ, ಎತ್ತರ 4 ಅಡಿ. ಚೌಕಟ್ಟಿನ ಪಟ್ಟಿಗಳು 4 ಇಂಚು ಅಗಲ, 3 ಇಂಚು ದಪ್ಪ. ಜಂಬಿಟ್ಟಿಗೆಯ ಪಶ್ಚಿಮದ ಗೋಡೆಯಲ್ಲಿ ಇಂಥ ಮೂರು ಕಿಟಕಿಗಳಿವೆ. ಇದು ನಡುವಿನದು.

ಹಳೆ ಮನೆಗಳ ದುರಸ್ತಿ ಮಾಡಿಸುವುದು ನನ್ನ ಕೆಲಸ. ಒಂದು ಫೆಬ್ರವರಿಯಲ್ಲಿ ಆ ಮನೆಯಿಂದ ಫೋನ್ ಬಂತು. ಕಿಟಕಿ ಬಾಗಿಲು ಮುಚ್ಚುವುದಕ್ಕೆ ಬರುತ್ತಿಲ್ಲ, ಕೆಳಗಿನ ಪಟ್ಟಿ ಕೈಯಲ್ಲಿ ಮುಟ್ಟಿದರೆ ಉದುರುತ್ತದೆ ಅಂದರು. ಮನೆಯಲ್ಲಿ ಇರುವವರು 75ರ ಆಸುಪಾಸಿನ ಅಮ್ಮ. ಮಗ ಬೆಂಗಳೂರಿನಲ್ಲಿ. ಅವರಿಗೆ ಕಿಟಕಿ ಕಿತ್ತು ಅಲ್ಯೂಮಿನಿಯಂದು ಹಾಕಿಸಿಬಿಡುವ ಯೋಚನೆ. ಅಮ್ಮನದು ಒಂದೇ ಮಾತು: "ತಮ್ಮಾ, ಆ ಮನೆಯಿಂದ ಬಂದದ್ದು ಇನ್ನೇನು ಉಳಿದಿದೆ ಹೇಳು. ಚೆನ್ನಾಗಿರುವಷ್ಟಾದರೂ ಇರಲಿ."

ಹಾಗಾಗಿ ಕೆಲಸದ ಗುರಿ ಮೊದಲ ದಿನವೇ ನಿಗದಿಯಾಯಿತು. ಪೂರ್ತಿ ಬದಲಿಸುವುದಲ್ಲ. ಕೊಳೆತಷ್ಟನ್ನು ತೆಗೆದು, ಗಟ್ಟಿ ಇರುವುದನ್ನು ಉಳಿಸಿ ಬೆಸೆಯುವುದು.

ಅದಕ್ಕೂ ಮೊದಲು ಏನೇನು ಮಾಡಿದ್ದರು

ಈ ಕಿಟಕಿಗೆ ಅದು ಮೊದಲ ದುರಸ್ತಿ ಆಗಿರಲಿಲ್ಲ. ಸುಮಾರು 8 ವರ್ಷದ ಹಿಂದೆ ಬಣ್ಣ ಸಿಪ್ಪೆ ಏಳಲು ಶುರುವಾಗಿತ್ತು. ಪೇಂಟರು ಬಿರುಕಿಗೆ ಪುಟ್ಟಿ ತುಂಬಿ, ಮೇಲೆ ದಪ್ಪಗೆ ಎಣ್ಣೆ ಬಣ್ಣ ಬಳಿದು ಹೋದರು. ಎರಡು ಮಳೆಗಾಲಕ್ಕೆ ಮತ್ತೆ ಅದೇ ಕಥೆ. ಆಮೇಲೆ ಗೆದ್ದಲು ಇರಬೇಕು ಅಂತ ಅನುಮಾನ ಬಂದು ಔಷಧಿ ಹೊಡೆಸಿದರು. ಅದಾದ ಮೇಲೆ ಗಾರೆಯವರು ಬಂದರು. ಕೆಳಗಿನ ಪಟ್ಟಿಯ ಪುಡಿಯನ್ನು ಕೆರೆದು ಆ ಗುಂಡಿಗೆ ಸಿಮೆಂಟ್ ತುಂಬಿದರು. ಹೊರಗೋಡೆಯ ಹಳೆ ಸುಣ್ಣದ ಗಾರೆ ಉದುರುತ್ತಿತ್ತಲ್ವಾ, ಅದನ್ನೂ ತೆಗೆದು ಇಡೀ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿದರು. ಕಿಟಕಿಯ ಕೆಳಗೆ ಸಿಮೆಂಟಿನ ಒಂದು ದಂಡೆಯನ್ನೂ ಕಟ್ಟಿದರು. ನೋಡುವುದಕ್ಕೆ ಅಚ್ಚುಕಟ್ಟಾಗಿತ್ತು. ಮರ ಜೋರಾಗಿ ಕೊಳೆಯಲು ಶುರುವಾದದ್ದು ಅದರ ನಂತರ.

ಗೆದ್ದಲಿನ ಅನುಮಾನ ತಪ್ಪು ಅಂತ ಹೇಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗೆದ್ದಲು ತಿಂದ ಮರದಲ್ಲಿ ಮಣ್ಣಿರುತ್ತದೆ, ಮರದ ಎಳೆಯ ಉದ್ದಕ್ಕೆ ಪದರ ಪದರ ಉಳಿದಿರುತ್ತದೆ. ಇಲ್ಲಿ ಮಣ್ಣಿನ ಗುರುತೇ ಇರಲಿಲ್ಲ. ಮರ ಕಪ್ಪಗಾಗಿ, ಉದ್ದಕ್ಕೂ ಅಡ್ಡಕ್ಕೂ ಬಿರಿದು, ಸಣ್ಣ ಸಣ್ಣ ಚೌಕಗಳಾಗಿ ಒಡೆದಿತ್ತು. ಬೆರಳಿನಲ್ಲಿ ಒತ್ತಿದರೆ ಪುಡಿ. ಇದು ಶಿಲೀಂಧ್ರದ ಕೆಲಸ. ಮಲೆನಾಡಿನಲ್ಲಿ "ಮರ ಲಡ್ಡಾಗಿದೆ" ಅನ್ನುವುದು ಇದಕ್ಕೇ. ಶಿಲೀಂಧ್ರಕ್ಕೆ ನೀರು ಬೇಕು. ಮರದ ತೇವ ಶೇ. 20ಕ್ಕಿಂತ ಕೆಳಗೆ ಇದ್ದರೆ ಅದು ಬೆಳೆಯುವುದಿಲ್ಲ. ಹಾಗಾದರೆ ನಾವು ಹುಡುಕಬೇಕಾದದ್ದು ನೀರನ್ನು.

ನೀರಿನ ದಾರಿ

ಫೆಬ್ರವರಿಯಲ್ಲಿ ನೀರು ಎಲ್ಲಿಂದ ಹುಡುಕುವುದು? ಗೋಡೆ ಒಣಗಿರುತ್ತದೆ. ಆದರೆ ಕಲೆ ಮಾತ್ರ ಹಾಗೇ ಇರುತ್ತದೆ. ಕಿಟಕಿಯ ಕೆಳಗೆ ಗೋಡೆಯ ಮೇಲೆ ಕಂದು ಬಣ್ಣದ ಉದ್ದ ಗೀರುಗಳಿದ್ದವು. ಹೊನ್ನೆ ನೀರಿನಲ್ಲಿ ನೆನೆದರೆ ಬಣ್ಣ ಬಿಡುತ್ತದೆ. ಹೊನ್ನೆಯ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವವರಿಗೆ ಆ ಬಣ್ಣ ಗೊತ್ತು. ಅಂದರೆ ನೀರು ಮರದ ಮೇಲೆ ಸುಮ್ನೆ ಹರಿದು ಹೋಗಿರಲಿಲ್ಲ. ಒಳಗೆ ನಿಂತು, ನೆನೆಸಿ, ಆಮೇಲೆ ಕೆಳಗೆ ಇಳಿದಿತ್ತು. ಗೀರುಗಳನ್ನು ಎಣಿಸಿದೆ. ಏಳು. ಕಿಟಕಿಯಲ್ಲಿ ಕಬ್ಬಿಣದ ಸರಳುಗಳೂ ಏಳು.

ಆಗಲೇ ಅರ್ಧ ಉತ್ತರ ಸಿಕ್ಕಿತ್ತು. ಹಳೆ ಕಿಟಕಿಗಳಲ್ಲಿ ಸರಳು ಮೇಲಿನಿಂದ ಬಂದು ಕೆಳಗಿನ ಪಟ್ಟಿಯ ತೂತಿನಲ್ಲಿ ಕೂರುತ್ತದೆ. ಎರಚಲು ಹೊಡೆದಾಗ ನೀರು ಸರಳನ್ನು ಹಿಡಿದುಕೊಂಡು ಇಳಿದು ನೇರ ಆ ತೂತಿಗೆ ಹೋಗುತ್ತದೆ. ಅಲ್ಲಿಂದ ಹೊರಗೆ ಬರಲು ದಾರಿ ಇಲ್ಲ. ಕಬ್ಬಿಣ ತುಕ್ಕು ಹಿಡಿದು ಉಬ್ಬಿ ತೂತಿನ ಸುತ್ತ ಮರವನ್ನು ಸೀಳುತ್ತದೆ. ಸೀಳಿಗೆ ಮತ್ತಷ್ಟು ನೀರು. ಒಂದೊಂದು ತೂತೂ ಮಳೆಗಾಲ ಪೂರ್ತಿ ತುಂಬಿದ ಬಟ್ಟಲು.

ಉಳಿದರ್ಧಕ್ಕಾಗಿ ಗಿಡಕ್ಕೆ ನೀರು ಹಾಕುವ ಝಾರಿ ತರಿಸಿದೆ. ಇದನ್ನು ಮಾಡುವಾಗ ಒಂದು ಕ್ರಮ ಇದೆ. ಮೊದಲು ಕೆಳಗಿನಿಂದ ಶುರು ಮಾಡಬೇಕು, ಆಮೇಲೆ ಮೇಲೆ ಹೋಗಬೇಕು. ಮೇಲಿನಿಂದ ಸುರಿದರೆ ನೀರು ಎಲ್ಲ ಕಡೆಗೂ ಇಳಿದು ಎಲ್ಲಿ ಒಳಗೆ ಹೋಯಿತು ಅಂತ ತಿಳಿಯುವುದಿಲ್ಲ. ಮೊದಲ 20 ನಿಮಿಷ ಬರೀ ಸಿಮೆಂಟ್ ದಂಡೆಯ ಮೇಲೆ ಹಾಕಿದೆವು. ದಂಡೆಯ ಹೊರ ಅಂಚು ಮರದ ಪಟ್ಟಿಯ ತಳಕ್ಕಿಂತ ಅರ್ಧ ಇಂಚು ಎತ್ತರಕ್ಕಿತ್ತು. ನೀರು ಹೊರಗೆ ಬೀಳುವ ಬದಲು ಪಟ್ಟಿಯ ಅಡಿಗೆ ಹೋಗಿ ನಿಂತಿತು. ಆಮೇಲೆ ಸರಳುಗಳ ಮೇಲೆ ಹಾಕಿದೆವು. ತೂತುಗಳು ಕುಡಿಯುತ್ತಲೇ ಇದ್ದವು. ಕೊನೆಗೆ ಕಿಟಕಿಯ ಮೇಲಿನ ಗೋಡೆಗೆ. ಸಿಮೆಂಟ್ ಪ್ಲಾಸ್ಟರ್ ಮತ್ತು ಚೌಕಟ್ಟು ಸೇರುವಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಅಲ್ಲಿ ಹೋದ ನೀರು ಹತ್ತು ನಿಮಿಷದ ನಂತರ ಎಡ ನಿಲುವಿನ, ಅಂದರೆ ಚೌಕಟ್ಟಿನ ಎಡಗಡೆ ನಿಂತ ಪಟ್ಟಿಯ, ಬುಡದಲ್ಲಿ ಬಂತು. ಜಂಬಿಟ್ಟಿಗೆ ನೀರನ್ನು ಹೀರುತ್ತದೆ, ಬಿಡುತ್ತದೆ. ಸುಣ್ಣದ ಗಾರೆ ಇದ್ದಾಗ ಹಾಗೆ ಬಿಟ್ಟ ನೀರು ಹೊರಗೆ ಆರುತ್ತಿತ್ತು. ಸಿಮೆಂಟ್ ಬಂದ ಮೇಲೆ ಆರಲು ದಾರಿಯಿಲ್ಲದೆ ಅದು ಮರದ ಕಡೆ ತಿರುಗಿತ್ತು.

ಸಂಜೆ ಕಾಫಿ ಕುಡಿಯುವಾಗ ಅಮ್ಮನನ್ನು ಕೇಳಿದೆ, ಮೊದಲು ಈ ಗೋಡೆಗೆ ಇಷ್ಟು ಎರಚಲು ಬರುತ್ತಿತ್ತಾ ಅಂತ. ಅವರು ಹೇಳಿದ್ದು ನಾನು ಗೋಡೆ ನೋಡಿ ತಿಳಿಯಲಾಗದ ಸಂಗತಿ. ಹಿಂದೆಲ್ಲ ಮೇ ಕೊನೆಗೆ ಈ ಕಡೆ ಎರಚಲಿಗೆ ಮರೆಯಾಗಿ ಅಡಕೆ ಸೋಗೆಯ ಜಡಿತಟ್ಟಿ ಕಟ್ಟುತ್ತಿದ್ದರಂತೆ. ಕಟ್ಟುವವರು ಸಿಗದೆ ಸುಮಾರು ಹತ್ತು ವರ್ಷದಿಂದ ಬಿಟ್ಟುಹೋಗಿದೆ. ಅದೇ ಹೊತ್ತಿಗೆ ಮಾಡಿನ (ಚಾವಣಿಯ) ಪಕಾಸುಗಳ ತುದಿ ಹಾಳಾಗಿದೆ ಅಂತ ಒಂದು ಅಡಿ ಕತ್ತರಿಸಿ ಮಾಡನ್ನು ಗಿಡ್ಡ ಮಾಡಿದ್ದರು. ನೈಋತ್ಯದಿಂದ ಬರುವ ಮಳೆಗೆ ಈ ಗೋಡೆ ಎದೆಯೊಡ್ಡಿ ನಿಂತದ್ದು ಆವತ್ತಿನಿಂದ. ಅರ್ಧ ಶತಮಾನ ಏನೂ ಆಗದ ಮರ ಹತ್ತು ವರ್ಷದಲ್ಲಿ ಯಾಕೆ ಹೋಯಿತು ಅನ್ನುವುದಕ್ಕೆ ಉತ್ತರ ಇದು. ಕಿಟಕಿ ರಿಪೇರಿಗೆ ಹೋದವರು ಮನೆಯ ಹಿರಿಯರ ಹತ್ತಿರ ಅರ್ಧ ಗಂಟೆ ಕೂರಬೇಕು ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಕೆಲಸ ನಿಂತ ದಿನ

ಮಾರ್ಚ್ ಕೊನೆಗೆ ಕೆಲಸ ಶುರುವಾಯಿತು. ಆಚಾರ್ರು ಆ ಕಡೆಯವರೇ, 60 ದಾಟಿದವರು. ಕಿಟಕಿ ಬಾಗಿಲು, ಸರಳು ಎಲ್ಲ ಬಿಚ್ಚಿದೆವು. ಕೆಳಗಿನ ಪಟ್ಟಿ ಸುತ್ತಿಗೆ ತಾಗಿಸಿದ ಕೂಡಲೇ ಮೂರು ತುಂಡಾಗಿ ಬಂತು. ಅದರಲ್ಲಿ ಉಳಿಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ. ಎಡ ನಿಲುವಿನ ಬುಡ 5 ಇಂಚು ಮೇಲಿನವರೆಗೆ ಲಡ್ಡಾಗಿತ್ತು. ಬಲ ನಿಲುವಿನದು ಹೊರಮೈ ಮಾತ್ರ, ಮುಕ್ಕಾಲು ಇಂಚು ಆಳ.

ಎಡ ನಿಲುವನ್ನು ಕತ್ತರಿಸಲು ಆಚಾರ್ರು ಗರಗಸ ಹಾಕಿದರು. ಅರ್ಧ ಹೋದಾಗ ಗರಗಸ ಕಚ್ಚಿಕೊಂಡಿತು. ಎಳೆದರೂ ಬರಲಿಲ್ಲ, ತಳ್ಳಿದರೂ ಹೋಗಲಿಲ್ಲ. ಅವರು ಕೈ ತೆಗೆದು ಮೇಲೆ ನೋಡಿದರು.

"ಇದರ ಮೇಲೆ ಭಾರ ಕೂತಿದೆ. ಇನ್ನು ನಾನು ಮುಟ್ಟುವುದಿಲ್ಲ ಸಾರ್."

ಕಿಟಕಿಯ ಚೌಕಟ್ಟಿನ ಮೇಲೆ ಗೋಡೆಯ ಭಾರ ಇರಲೇಬಾರದು. ಅದನ್ನು ಹೊರುವುದು ಲಿಂಟಲ್. ಈ ಮನೆಯಲ್ಲಿ ಲಿಂಟಲ್ ಅಂದರೆ ಗೋಡೆಯ ದಪ್ಪಕ್ಕೆ ಸರಿಯಾಗಿ ಪಕ್ಕಪಕ್ಕ ಮಲಗಿಸಿದ ಮೂರು ಮತ್ತಿ ತೊಲೆಗಳು. ಗರಗಸದ ಸೀಳು ಮುಚ್ಚಿಕೊಂಡಿತು ಅಂದರೆ ನಿಲುವನ್ನು ಮೇಲಿನಿಂದ ಯಾವುದೋ ಒತ್ತುತ್ತಿದೆ ಅಂತ ಅರ್ಥ. ಅರ್ಧ ಕೊಯ್ದ ನಿಲುವನ್ನು ಹಾಗೇ ಬಿಟ್ಟು ಒಳಗೆ, ಹೊರಗೆ ಎರಡೂ ಕಡೆ ಜಾಕಿ ಕಂಬ ಕೊಟ್ಟೆವು. ಆಮೇಲೆ ಲಿಂಟಲ್‌ನ ಎಡ ತುದಿಯ ಪ್ಲಾಸ್ಟರ್ ಬಿಡಿಸಿದೆವು. ಹೊರಗಿನ ತೊಲೆ ಗೋಡೆಯೊಳಗೆ ಕೂರುವ ಜಾಗದಲ್ಲೇ 9 ಇಂಚು ಪೂರ್ತಿ ಪುಡಿಯಾಗಿತ್ತು. ಅದು ಕುಸಿದು ಚೌಕಟ್ಟಿನ ಮೇಲೆ ಕೂತಿತ್ತು. ಬಾಗಿಲು ಮುಚ್ಚದೆ ಇದ್ದದ್ದಕ್ಕೆ ಕಾರಣವೂ ಅದೇ.

ಇಲ್ಲಿ ತಪ್ಪು ನನ್ನದು. ಬಾಗಿಲು ಮುಚ್ಚುತ್ತಿಲ್ಲ ಅಂತ ಮೊದಲ ಫೋನಿನಲ್ಲೇ ಹೇಳಿದ್ದರು. ಮರ ನೀರು ಕುಡಿದು ಉಬ್ಬಿರಬೇಕು ಅಂದುಕೊಂಡೆ. ಆದರೆ ಫೆಬ್ರವರಿಯಲ್ಲಿ ಒಣಗಿದ ಮರ ಉಬ್ಬುವುದು ಹೇಗೆ? ಆ ಪ್ರಶ್ನೆ ನಾನು ಕೇಳಿಕೊಳ್ಳಬೇಕಿತ್ತು. ಚೌಕಟ್ಟಿನ ಮೂಲೆಗಳು ಸಮಕೋನದಲ್ಲಿವೆಯಾ ಅಂತ ಮಟ್ಟದ ಕೋನ ಹಿಡಿದಿದ್ದರೆ, ಮೇಲಿನ ಪಟ್ಟಿಗೆ ಒಂದು ದಾರ ಎಳೆದು ನೋಡಿದ್ದರೆ, ಎಡಗಡೆ ತಗ್ಗಿದ್ದು ಕಣ್ಣಿಗೆ ಬೀಳುತ್ತಿತ್ತು. ಆವತ್ತು ಆಚಾರ್ರು ಹಟ ಹಿಡಿದು ಕೊಯ್ದಿದ್ದರೆ ಮೇಲಿನ ಮೂರು ಸಾಲು ಜಂಬಿಟ್ಟಿಗೆ ಕೆಳಗೆ ಬರುವ ಸಾಧ್ಯತೆ ಇತ್ತು. ಗೋಡೆ ಕಟ್ಟಿದ್ದು ಬರೀ ಮಣ್ಣಿನ ಗಾರೆಯಲ್ಲಿ.

ಲಿಂಟಲ್ ಕೆಲಸಕ್ಕೆ ನಾಲ್ಕು ದಿನ ಹೋಯಿತು. ಕಿಟಕಿಯ ಮೇಲೆ ಗೋಡೆಗೆ ಎರಡು ತೂತು ಮಾಡಿ, ಅಡ್ಡ ತೊಲೆ ಹಾಯಿಸಿ, ಆಚೆ ಈಚೆ ಜಾಕಿ ಕೊಟ್ಟು ಭಾರವನ್ನು ಅದರ ಮೇಲೆ ಕೂರಿಸಿದೆವು. ಜಾಕಿ ತಿರುಗಿಸುವಾಗ ಗೋಡೆಯನ್ನು ಎತ್ತಲು ಹೋಗಬಾರದು. ಭಾರ ಹಿಡಿದಷ್ಟಕ್ಕೆ ನಿಲ್ಲಿಸಬೇಕು. ಕುಸಿದದ್ದನ್ನು ಮತ್ತೆ ಮೇಲೆತ್ತಿದರೆ ಮಣ್ಣಿನ ಗಾರೆ ಬಿರಿಯುತ್ತದೆ. ಹೊರಗಿನ ತೊಲೆ ತೆಗೆದು, ಬೇರೊಂದು ಮನೆ ಬಿಚ್ಚಿದಲ್ಲಿ ಸಿಕ್ಕ ಹಳೆ ಮತ್ತಿ ತೊಲೆ ಹಾಕಿದೆವು. ಕಾಂಕ್ರೀಟ್ ಲಿಂಟಲ್ ಹಾಕೋಣ ಅಂತ ಮಗ ಕೇಳಿದರು. ಉಳಿದ ಎರಡು ತೊಲೆ ಗಟ್ಟಿಯಾಗಿದ್ದವು. ಅವುಗಳ ಪಕ್ಕ ಅದೇ ಜಾತಿಯ ಒಣಗಿದ ಮರ ಇದ್ದರೆ ಮೂರೂ ಒಂದೇ ರೀತಿ ಬಾಗುತ್ತವೆ, ಭಾರ ಹಂಚಿಕೊಳ್ಳುತ್ತವೆ. ಆ ಕಾರಣಕ್ಕೆ ನಾನು ಬೇಡ ಅಂದೆ. ತೊಲೆಯ ತುದಿ ಕೂರುವಲ್ಲಿ ಮಣ್ಣು ತೆಗೆದು ಸುಣ್ಣದ ಗಾರೆಯ ಮೇಲೆ ಚಪ್ಪಟೆ ಕಲ್ಲು ಇಟ್ಟೆವು. ತುದಿಗೂ ಗೋಡೆಗೂ ನಡುವೆ ಒಂದು ಬೆರಳು ಜಾಗ ಬಿಟ್ಟೆವು. ಮರ ನೀರು ಕುಡಿಯುವುದು ಪಕ್ಕದಿಂದ ಕಡಿಮೆ, ಕೊಯ್ದ ತುದಿಯಿಂದ ಜಾಸ್ತಿ. ಆ ತುದಿಗೆ ಗಾಳಿ ಬೇಕು.

ಎಲ್ಲಿ ಕತ್ತರಿಸುವುದು

ಎಡ ನಿಲುವು ಕಣ್ಣಿಗೆ ಕಂಡಂತೆ 5 ಇಂಚು ಹೋಗಿತ್ತು. ನಾನು 7 ಇಂಚಿಗೆ ಕತ್ತರಿಸೋಣ ಅಂದೆ. ಅಮ್ಮನ ಮಾತು ತಲೆಯಲ್ಲಿತ್ತು, ಆದಷ್ಟು ಉಳಿಸಬೇಕು ಅಂತ. ಆಚಾರ್ರು 14 ಅಂದರು. "ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹೋಗಿರುತ್ತದೆ ಇದು."

ವಾದ ಮಾಡುವ ಬದಲು ಡ್ರಿಲ್ ತೆಗೆದುಕೊಂಡೆವು. ಗೋಡೆಯ ಕಡೆಯ ಮೈಯಲ್ಲಿ, ಹೊರಗೆ ಕಾಣದ ಜಾಗದಲ್ಲಿ, ಎರಡೆರಡು ಇಂಚಿಗೆ ಸಣ್ಣ ತೂತು ಕೊರೆದು ಹೊರಗೆ ಬರುವ ಹೊಟ್ಟನ್ನು ಕಾಗದದ ಮೇಲೆ ಹಿಡಿದೆವು. 5ರಲ್ಲಿ ಕಪ್ಪು ಪುಡಿ. 7ರಲ್ಲಿ ಪುಡಿ ಮತ್ತು ಎಳೆ ಬೆರಕೆ. ಅಂದರೆ ನಾನು ಹೇಳಿದ ಜಾಗದಲ್ಲಿ ಕತ್ತರಿಸಿದ್ದರೆ ಕೊಳೆತ ಮರಕ್ಕೇ ಹೊಸ ಮರ ಬೆಸೆದಂತೆ ಆಗುತ್ತಿತ್ತು. 9ರಲ್ಲಿ ಸುರುಳಿ ಸುರುಳಿಯಾಗಿ ಹೊಂಬಣ್ಣದ ಹೊಟ್ಟು ಬಂತು. ತೇವ ಅಳೆಯುವ ಮೀಟರ್ 16 ತೋರಿಸಿತು. 11 ಇಂಚಿಗೆ ಗುರುತು ಹಾಕಿದೆವು. ಆಚಾರ್ರು ಒಪ್ಪಿದರು.

ಬೆಸುಗೆಯನ್ನು ಚಪ್ಪಟೆಯಾಗಿ ಅಡ್ಡಕ್ಕೆ ಕೊಡಲಿಲ್ಲ. 9 ಇಂಚು ಉದ್ದದ ಓರೆ ಬೆಸುಗೆ. ಓರೆ ಯಾವ ಕಡೆಗೆ ಅನ್ನುವುದು ಮುಖ್ಯ. ಹೊರಮೈಯಲ್ಲಿ ಗೆರೆ ಕೆಳಗೆ, ಒಳಮೈಯಲ್ಲಿ ಮೇಲೆ ಇರಬೇಕು. ಹಾಗಿದ್ದರೆ ಗೆರೆಗೆ ಸಿಕ್ಕ ನೀರು ಹೊರಗೇ ಜಾರುತ್ತದೆ. ತಿರುಗುಮುರುಗಾದರೆ ಬೆಸುಗೆಯೇ ನೀರನ್ನು ಒಳಗೆ ಕರೆದುಕೊಂಡು ಹೋಗುತ್ತದೆ. ನೀರು ತಡೆಯುವ ಇಪಾಕ್ಸಿ ಅಂಟು ಹಾಕಿ, ಎರಡು ಮರದ ಗೂಟ ಬಡಿದೆವು. ಕಬ್ಬಿಣದ ಮೊಳೆ ಒಂದೂ ಇಲ್ಲ. ಮರದ ತುಂಡುಗಳು ಸಿಕ್ಕಿದ್ದು ಆ ಮನೆಯ ಅಟ್ಟದಲ್ಲೇ. ಕೊಟ್ಟಿಗೆ ಬಿಚ್ಚಿದಾಗ ತೆಗೆದಿಟ್ಟ ಹೊನ್ನೆ ಕಂಬ. ಅದೂ ಮುಳುಗಡೆಯಿಂದ ಬಂದದ್ದೇ ಅಂತ ಅಮ್ಮ ಹೇಳಿದರು. ಹೊಸ ಹಸಿ ಮರ ತಂದಿದ್ದರೆ ಒಣಗುತ್ತಾ ಕುಗ್ಗಿ ಬೆಸುಗೆ ಬಾಯಿ ಬಿಡುತ್ತಿತ್ತು.

ಸರಳುಗಳ ವಿಷಯದಲ್ಲಿ ಆಚಾರ್ರಿಗೂ ನನಗೂ ಮಾತಾಯಿತು. ಅವರು ಮೊದಲಿದ್ದ ಹಾಗೆಯೇ ಕೆಳಗಿನ ಪಟ್ಟಿಗೆ ತೂತು ಕೊರೆಯೋಣ ಅಂದರು. ಹಳೆ ಕಿಟಕಿ ಹಳೆ ಕಿಟಕಿಯ ಹಾಗೆಯೇ ಇರಬೇಕು ಅನ್ನುವುದು ಅವರ ಆಸೆ. ನನಗೂ ಆ ಆಸೆ ಇದೆ. ಆದರೆ ಏಳು ಗೀರುಗಳನ್ನು ನೋಡಿದ ಮೇಲೆ ಮತ್ತೆ ಏಳು ಬಟ್ಟಲು ಕೊರೆಯಲು ಮನಸ್ಸು ಒಪ್ಪಲಿಲ್ಲ. ಪಟ್ಟಿಯಿಂದ ಒಂದು ಇಂಚು ಮೇಲೆ ಚಪ್ಪಟೆ ಕಬ್ಬಿಣದ ಪಟ್ಟಿಯನ್ನು ಎರಡು ನಿಲುವುಗಳ ನಡುವೆ ಅಡ್ಡ ಕೊಟ್ಟು, ಸರಳುಗಳ ತುದಿಯನ್ನು ಅದಕ್ಕೆ ಕೂರಿಸಿದೆವು. ಸರಳಿನ ನೀರು ಈಗ ತೊಟ್ಟಿಕ್ಕಿ ಕೆಳಗಿನ ಪಟ್ಟಿಯ ಮೇಲೆ ಬೀಳುತ್ತದೆ. ಆ ಪಟ್ಟಿಯ ಮೈಯನ್ನು ಹೊರಗೆ ಇಳಿಜಾರು ಮಾಡಿದೆವು. ಅದರ ಅಡಿಗೆ ಸಿಮೆಂಟ್ ದಂಡೆ ಒಡೆದು ಕಡಪ ಕಲ್ಲಿನ ಹಲಗೆ. ಅದು ಗೋಡೆಯಿಂದ 2 ಇಂಚು ಹೊರಗೆ ಚಾಚಿದೆ. ಕಲ್ಲಿನ ಅಡಿಮೈಯಲ್ಲಿ ಒಂದು ಗೀರು ಕೊರೆಸಿದ್ದೇವೆ. ಆ ಗೀರು ಇಲ್ಲದಿದ್ದರೆ ನೀರು ಕಲ್ಲಿನ ಅಡಿ ಹಿಡಿದು ಮತ್ತೆ ಗೋಡೆಗೇ ಬರುತ್ತದೆ.

ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬಿಸಿ ನೀರಿನಲ್ಲಿ ಕರಗಿಸಿ ಹಳೆ ಹೊಸ ಮರಕ್ಕೆಲ್ಲ ಮೂರು ಸಲ ಬಳಿದೆವು. ಇದು ಮಳೆಗೆ ತೊಳೆದುಹೋಗುವ ವಸ್ತು. ಅದಕ್ಕೇ ಪೂರ್ತಿ ಒಣಗಿಸಿ ಮೇಲೆ ಬಣ್ಣ ಅಥವಾ ಎಣ್ಣೆ ಕೊಡಲೇಬೇಕು. ಗೋಡೆಯ ಕಡೆಯ ಮೈಗಳಿಗೆ ಗೇರೆಣ್ಣೆ ಕೊಟ್ಟೆವು. ಕೈಗವಸು ಇಲ್ಲದೆ ಅದನ್ನು ಮುಟ್ಟಬೇಡಿ, ಚರ್ಮ ಸುಟ್ಟು ಗುಳ್ಳೆ ಏಳುತ್ತದೆ.

ಮಳೆ ಹೇಳಿದ್ದು

ಬಲ ನಿಲುವಿನ ಹೊರಮೈಯನ್ನು ಕೆರೆದು, ಇಪಾಕ್ಸಿ ತುಂಬಿ ಬಿಟ್ಟಿದ್ದೆವು. ಕಿಟಕಿಯ ಸುತ್ತ ಒಂದು ಅಡಿ ಸಿಮೆಂಟ್ ಪ್ಲಾಸ್ಟರ್ ತೆಗೆದು ಸುಣ್ಣದ ಗಾರೆ ಹಾಕುವುದು ಲೆಕ್ಕ. ಮೇಲೆ, ಕೆಳಗೆ, ಎಡಕ್ಕೆ ಆಯಿತು. ಬಲಕ್ಕೆ ಬರುವಷ್ಟರಲ್ಲಿ ಮಳೆ ಹಿಡಿಯಿತು. ಲಿಂಟಲ್‌ಗೆ ಹೋದ ನಾಲ್ಕು ದಿನ ಇಲ್ಲಿ ಕೊರತೆ ಬಿತ್ತು. ಬಲಗಡೆ ಹೇಗೂ ಹಾನಿ ಕಡಿಮೆ, ಮುಂದಿನ ವರ್ಷ ನೋಡೋಣ ಅಂತ ನಾನೇ ಹೇಳಿದೆ.

ಆಗಸ್ಟ್‌ನಲ್ಲಿ ಹೋಗಿ ಅಳೆದೆ. ಕೆಳಗಿನ ಪಟ್ಟಿ 20. ಎಡದ ಬೆಸುಗೆ 18. ಬಲ ನಿಲುವಿನ ಬುಡ 27. ಬೋರಾಕ್ಸ್ ಬಳಿದ ಮರದಲ್ಲಿ ಮೀಟರ್ ಜಾಸ್ತಿ ತೋರಿಸುತ್ತದೆ, ಉಪ್ಪಿನಂಶದಿಂದ. ಹಾಗಾಗಿ ಒಂದು ಅಂಕಿಯನ್ನು ನಂಬುವ ಹಾಗಿಲ್ಲ. ಅದೇ ಬಲ ನಿಲುವಿನಲ್ಲಿ 2 ಅಡಿ ಮೇಲೆ ಹಿಡಿದೆ. ಅಲ್ಲಿಗೂ ಬೋರಾಕ್ಸ್ ಬಳಿದಿದ್ದೆವು. 18 ಬಂತು. ಅಂದರೆ ಬುಡದ ತೇವ ನಿಜ. ಹಿಂದೆ ಉಳಿದಿದ್ದ ಸಿಮೆಂಟ್ ತನ್ನ ಹಳೆ ಕೆಲಸ ಮುಂದುವರಿಸಿತ್ತು. ಇಪಾಕ್ಸಿ ತುಂಬಿದ ಜಾಗದ ಹಿಂದೆ ನೀರು ಸಿಕ್ಕಿಕೊಂಡಿತ್ತು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದಷ್ಟು ನುಣುಪು. ಎಂಟು ವರ್ಷದ ಹಿಂದೆ ಪೇಂಟರು ಪುಟ್ಟಿಯಲ್ಲಿ ಮಾಡಿದ್ದನ್ನೇ ನಾನು ದುಬಾರಿ ಅಂಟಿನಲ್ಲಿ ಮಾಡಿದ್ದೆ. ಇದು ಇಂದಿಗೂ ನನ್ನನ್ನು ಕಾಡುತ್ತದೆ. ಕೆಲಸ ಪೂರ್ತಿಯಾಗದಿದ್ದರೆ ಆ ಬದಿಯನ್ನು ತುಂಬದೆ, ಬರೀ ಕೆರೆದು ತೆರೆದೇ ಬಿಟ್ಟು ಮುಂದೆ ಒಂದು ತಗಡು ಕಟ್ಟಿದ್ದರೂ ಆಗುತ್ತಿತ್ತು. ಆರುತ್ತಾದರೂ ಇರುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಇಪಾಕ್ಸಿ ಕಿತ್ತೆವು. ಮುಕ್ಕಾಲು ಇಂಚಿದ್ದ ಕೊಳೆ ಒಂದೂಕಾಲು ಇಂಚಿಗೆ ಹೋಗಿತ್ತು. ಆ ಹೊರಮೈಯನ್ನು ತೆಗೆದು ಹೊನ್ನೆ ತುಂಡು ಕೂರಿಸಿ, ಬಲಗಡೆಯ ಸಿಮೆಂಟ್ ತೆಗೆದು ಸುಣ್ಣ ಹಾಕಿದೆವು. ಮಾಡನ್ನು ಮತ್ತೆ ಒಂದು ಅಡಿ ಚಾಚಲು ಪಕಾಸುಗಳಿಗೆ ತುದಿ ಬೆಸೆದೆವು. ಪಕ್ಕದ ಮನೆಯ ಹುಡುಗನೊಬ್ಬ ಅಮ್ಮನ ಹತ್ತಿರ ಕೂತು ತಟ್ಟಿ ಕಟ್ಟುವುದನ್ನು ಕಲಿತ. ಸೋಗೆಯ ತುದಿಯನ್ನು ಯಾವ ಕಡೆಗೆ ಇಳಿಬಿಡಬೇಕು ಅಂತ ಅವರು ಕುರ್ಚಿಯಲ್ಲಿ ಕೂತೇ ಹೇಳಿಕೊಟ್ಟರು. ಆ ಆಗಸ್ಟ್‌ನಲ್ಲಿ ಬಲ ನಿಲುವಿನ ಬುಡ 19 ತೋರಿಸಿತು. ಗೋಡೆಯ ಮೇಲೆ ಕಂದು ಗೀರು ಒಂದೂ ಹೊಸದಾಗಿ ಬಂದಿಲ್ಲ.

ಇನ್ನು ಉಳಿದಿರುವುದು ಅದೇ ಗೋಡೆಯ ಆಚೀಚಿನ ಎರಡು ಕಿಟಕಿಗಳು. ಅವುಗಳ ಕೆಳಗೂ ಗೀರುಗಳಿವೆ, ಒಂದರಲ್ಲಿ ಮೂರು, ಇನ್ನೊಂದರಲ್ಲಿ ಐದು. ಬರುವ ಜನವರಿಯಲ್ಲೇ ಶುರು ಮಾಡುತ್ತೇವೆ, ಮಾರ್ಚ್‌ವರೆಗೆ ಕಾಯುವುದಿಲ್ಲ. ಮೊದಲ ದಿನ ದಾರ ಎಳೆದು ನೋಡುವುದು, ಎರಡನೆಯ ದಿನ ಲಿಂಟಲ್‌ನ ಎರಡೂ ತುದಿ ಬಿಡಿಸುವುದು. ಅಲ್ಲಿಯವರೆಗೆ ಗರಗಸ ಚೀಲದಿಂದ ಹೊರಗೆ ಬರುವುದಿಲ್ಲ ಅಂತ ಆಚಾರ್ರು ಹೇಳಿದ್ದಾರೆ.